ಕಾರು ಅಗ್ಗವಾಯಿತು, ಓಡಿಸುವುದು ಅಗ್ಗವಾಗಲಿಲ್ಲ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದರ ಬೆನ್ನಿಗೆ ಅಂಟಿಕೊಂಡಿದ್ದ ಪರಿಹಾರ ಸೆಸ್ ಕೂಡ ತೊಲಗಿತು. ನಾಲ್ಕು ಮೀಟರ್ ಮೀರದ, 1200 ಸಿ.ಸಿ.ಯೊಳಗಿನ ಪೆಟ್ರೋಲ್ ಎಂಜಿನ್ನಿನ ಕಾರುಗಳಿಗೆ ದೊರೆತ ಈ ರಿಯಾಯಿತಿ, ಬಹುಕಾಲದಿಂದ ದ್ವಿಚಕ್ರ ವಾಹನದಲ್ಲೇ ಸಂಸಾರವನ್ನು ಹೊತ್ತು ತಿರುಗುತ್ತಿದ್ದ ಮಧ್ಯಮ ವರ್ಗಕ್ಕೆ ಮಾರಾಟ ಮಳಿಗೆಯ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯಿತೆಂಬುದು ನಿರ್ವಿವಾದ. ಆದರೆ ಕಾರಿನ ಬೆಲೆ ಒಮ್ಮೆ ತೆರುವಂಥದು. ಇಂಧನದ ಬೆಲೆ ಪ್ರತಿದಿನ ತೆರುವಂಥದು. ಪೆಟ್ರೋಲು ಮತ್ತು ಡೀಸೆಲ್ಲನ್ನು ಜಿಎಸ್‌ಟಿ ವ್ಯಾಪ್ತಿಗೆ ತರುವ ಮಾತನ್ನು ಕೇಂದ್ರವಾಗಲಿ ರಾಜ್ಯಗಳಾಗಲಿ ಮನಃಪೂರ್ವಕವಾಗಿ ಆಡಿದ್ದನ್ನು ಯಾರೂ ಕೇಳಿಲ್ಲ.

ಅದಕ್ಕೆ ಕಾರಣವೂ ಗುಟ್ಟಿನದಲ್ಲ. ಇಂಧನವು ಸರ್ಕಾರಗಳ ಪಾಲಿಗೆ ಸದಾ ಕರೆಯುವ ಹಸು. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನೂ ನಿಯಂತ್ರಣದಿಂದ ಮುಕ್ತಗೊಳಿಸಲಾಯಿತು. 2017ರ ಜೂನ್‌ನಿಂದ ದಿನನಿತ್ಯ ದರ ಪರಿಷ್ಕರಿಸುವ ಪದ್ಧತಿ ಬಂತು. ಮುಕ್ತ ಮಾರುಕಟ್ಟೆಯ ಹೆಸರಿನಲ್ಲಿ ಕಚ್ಚಾ ತೈಲ ಏರಿದಾಗ ಬಂಕಿನ ದರ ಏರಿತು. ಇಳಿದಾಗ ಮಾತ್ರ ಸುಂಕ ಏರಿ ಆ ಇಳಿತವನ್ನು ನುಂಗಿದ್ದೇ ಹೆಚ್ಚು. 2021ರಲ್ಲಿ ಪೆಟ್ರೋಲ್ ನೂರರ ಗಡಿ ದಾಟಿತು. 2021ರ ನವೆಂಬರ್ ಹಾಗೂ 2022ರ ಮೇ ತಿಂಗಳಲ್ಲಿ ಕೇಂದ್ರ ಅಬಕಾರಿ ಸುಂಕ ತಗ್ಗಿಸಿದಾಗ ಒಂದಿಷ್ಟು ಉಸಿರಾಡುವಂತಾಯಿತು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಮಾರಾಟ ತೆರಿಗೆಯನ್ನು ಪೆಟ್ರೋಲಿನ ಮೇಲೆ ಶೇ 25.92ರಿಂದ ಶೇ 29.84ಕ್ಕೆ ಏರಿಸಿ, ಲೀಟರಿಗೆ ಮೂರು ರೂಪಾಯಿಯನ್ನು ಮತ್ತೆ ಜನರ ಲೆಕ್ಕಕ್ಕೆ ಬರೆಯಿತು. ಯಾವ ಪಕ್ಷದ ಸರ್ಕಾರ ಬಂದರೂ ಈ ಹಸುವಿನ ಹಾಲು ಬತ್ತಿಸುವ ಮನಸ್ಸು ಮಾಡುವುದಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕಾಗಿದೆ. ದರ ನಮ್ಮ ಕೈಯಲ್ಲಿಲ್ಲ. ಬಳಕೆ ಎಷ್ಟು ನಮ್ಮ ಕೈಯಲ್ಲಿದೆ?

ಈ ಪ್ರಶ್ನೆಯನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತು ಕೇಳುವುದಕ್ಕಿಂತ ಇಂಡಿ ತಾಲ್ಲೂಕಿನ ಅಗರಖೇಡದಂಥ ಊರಿನಲ್ಲಿ ನಿಂತು ಕೇಳುವುದು ಹೆಚ್ಚು ಉಪಯುಕ್ತ. ಭೀಮಾ ತೀರದ ಈ ಊರಿನ ಬದುಕು ನಾಲ್ಕು ದಿಕ್ಕಿಗೆ ಹಂಚಿಹೋಗಿದೆ. ತಹಶೀಲ್ದಾರ್ ಕಚೇರಿ, ನ್ಯಾಯಾಲಯ ಮತ್ತು ಸಂತೆಗೆ ಇಂಡಿ. ಜಿಲ್ಲಾ ಕಚೇರಿ ಮತ್ತು ದೊಡ್ಡ ಆಸ್ಪತ್ರೆಗೆ ವಿಜಯಪುರ. ಅದೂ ಸಾಲದಾದರೆ ಗಡಿಯಾಚೆಯ ಸೊಲ್ಲಾಪುರ. ಬಂಧುಬಳಗವೆಂದರೆ ಸಿಂದಗಿ, ಅಫಜಲಪುರದ ಕಡೆಗೂ ಓಡಾಟ. ಇಂಡಿಯಿಂದ ವಿಜಯಪುರಕ್ಕೇ ಐವತ್ತು ಕಿಲೋಮೀಟರ್‌ಗಿಂತ ಹೆಚ್ಚಿನ ದಾರಿ. ನಗರದವನ ಕಾರು ವಾರಾಂತ್ಯದ ಸವಾರಿಗೆ, ಅಂತಸ್ತಿನ ಪ್ರದರ್ಶನಕ್ಕೆ ಇರಬಹುದು. ಇಲ್ಲಿಯ ಸಣ್ಣ ಕಾರು ಹೆರಿಗೆಯ ಹೊತ್ತಿನಲ್ಲಿ ಆಂಬುಲೆನ್ಸ್, ಲಿಂಬೆಯ ಹಂಗಾಮಿನಲ್ಲಿ ಸರಕು ಗಾಡಿ, ಮದುವೆಯ ಹಂಗಾಮಿನಲ್ಲಿ ಊರಿನ ಸ್ವತ್ತು. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಇಂಡಿ ಲಿಂಬೆಯ ಒಂದೆರಡು ಚೀಲಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡೇ ಪೇಟೆಗೆ ಹೋಗುವ ಲೆಕ್ಕಾಚಾರ ಇಲ್ಲಿಯವರದು. ಹೀಗಾಗಿ ಒಂದು ಲೀಟರಿಗೆ ಎಷ್ಟು ದೂರ ಎಂಬ ಪ್ರಶ್ನೆ ಇಲ್ಲಿ ಹವ್ಯಾಸಿಗಳ ಹರಟೆಯಲ್ಲ.

ಬೆಂಗಳೂರಿನವರು ‘ಮೈಲೇಜ್’ ಎನ್ನುವುದಕ್ಕೆ ಈ ಭಾಗದಲ್ಲಿ ‘ಆವರೇಜ್’ ಎನ್ನುತ್ತಾರೆ. ‘ಆವರೇಜ್ ಎಷ್ಟ್ ಕೊಡ್ತೈತ್ರಿ?’ ಎಂಬುದು ಹೊಸ ಕಾರು ನೋಡಿದವರ ಮೊದಲ ಪ್ರಶ್ನೆ. ಮೈಲುಗಳು ಹೋಗಿ ಅರ್ಧ ಶತಮಾನ ಕಳೆದ ದೇಶದಲ್ಲಿ ಮೈಲೇಜ್ ಎಂಬುದಕ್ಕಿಂತ ಇದೇ ಸರಿಯಾದ ಶಬ್ದವೆಂದು ನನಗೆ ತೋರುತ್ತದೆ; ಏಕೆಂದರೆ ಅದು ನಿಜಕ್ಕೂ ಒಂದು ಸರಾಸರಿ, ಓಡಿಸುವವನ ಎಲ್ಲ ಗುಣಾವಗುಣಗಳ ಸರಾಸರಿ. ಆದರೆ ಆ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ಕಂಪನಿಯ ಕರಪತ್ರದ ಅಂಕಿ. ಆ ಅಂಕಿ ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಪ್ರಯೋಗಾಲಯದ ಉರುಳೆಗಳ ಮೇಲೆ. ಎ.ಸಿ. ಆರಿಸಿ, ಗಂಟೆಗೆ 90 ಕಿಲೋಮೀಟರ್ ಮೀರದಂತೆ, ನಿಗದಿತ ಏರಿಳಿತದ ವೇಗದಲ್ಲಿ, ನುರಿತ ಚಾಲಕನಿಂದ ಓಡಿಸಿ ಪಡೆದ ಫಲಿತಾಂಶ ಅದು. ಅಲ್ಲಿ ಎದುರು ಗಾಳಿಯಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಇಲ್ಲ. ಒಂದು ಮಾದರಿಯ ಕಾರನ್ನು ಇನ್ನೊಂದರ ಜತೆ ಹೋಲಿಸಲು ಅದು ಯೋಗ್ಯ. ಮನೆಯ ತಿಂಗಳ ಖರ್ಚಿನ ಅಂದಾಜಿಗೆ ಅಲ್ಲ.

ತನ್ನ ಕಾರಿನ ನಿಜವಾದ ಆವರೇಜ್ ತಿಳಿದ ಮಾಲೀಕರು ಎಷ್ಟು ಮಂದಿ? ಬಂಕಿಗೆ ಹೋಗಿ ‘ಐನೂರರದ್ದು ಹಾಕ್ರಿ’ ಎನ್ನುವವನಿಗೆ ಅದು ಎಂದಿಗೂ ತಿಳಿಯುವುದಿಲ್ಲ. ರೂಪಾಯಿಯ ಲೆಕ್ಕದಲ್ಲಿ ತುಂಬಿಸುವ ಪದ್ಧತಿ ಜೇಬಿನ ಶಿಸ್ತಿನಂತೆ ಕಂಡರೂ ವಾಸ್ತವದಲ್ಲಿ ಅದು ಕತ್ತಲೆಯಲ್ಲಿನ ವ್ಯಾಪಾರ. ಟ್ಯಾಂಕನ್ನು ಪೂರ್ತಿ ತುಂಬಿಸಿ, ನಳಿಕೆ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ, ಮೀಟರಿನ ಅಂಕಿ ಬರೆದಿಟ್ಟು, ಮುನ್ನೂರು ನಾನೂರು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ ಭಾಗಿಸಿದರೆ ಸತ್ಯ ಹೊರಬೀಳುತ್ತದೆ. ಇಷ್ಟಕ್ಕೆ ಬೇಕಾದದ್ದು ಒಂದು ಚಿಕ್ಕ ಪುಸ್ತಕ ಮತ್ತು ಒಂದು ಪೆನ್ನು.

ಈ ಲೆಕ್ಕವನ್ನು ಹಲವು ವರ್ಷಗಳಿಂದ ನಿಷ್ಠೆಯಿಂದ ಇಡುತ್ತ ಬಂದವರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ನಾವು ದಿನವೂ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ. ರಾಜ್ಯದ ಸಾರಿಗೆ ನಿಗಮಗಳ ಡಿಪೊಗಳಲ್ಲಿ ‘ಕೆಎಂಪಿಎಲ್’ ಎಂಬ ಶಬ್ದ ಕೇಳದ ಚಾಲಕನಿಲ್ಲ. ಲೀಟರ್ ಡೀಸೆಲ್ಲಿಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತೆಂಬ ಈ ಅಂಕಿಯನ್ನು ಬಸ್ಸಿನ ಹೆಸರಿನಲ್ಲಷ್ಟೇ ಅಲ್ಲ, ಚಾಲಕನ ಹೆಸರಿನಲ್ಲೂ ಬರೆಯುತ್ತಾರೆ. ಕಡಿಮೆ ತಂದವನನ್ನು ಕರೆದು ತಿಳಿಹೇಳುವುದು, ತರಬೇತಿಗೆ ಕಳುಹಿಸುವುದು, ಹೆಚ್ಚು ತಂದವನನ್ನು ಗೌರವಿಸುವುದು ನಡೆದುಬಂದ ಪದ್ಧತಿ. ಇಂಧನ ಮಿತವ್ಯಯಕ್ಕಾಗಿ ಕೊಡುವ ರಾಷ್ಟ್ರೀಯ ಪ್ರಶಸ್ತಿಗಳನ್ನು ಕರ್ನಾಟಕದ ಸಾರಿಗೆ ನಿಗಮಗಳು ಪಡೆದದ್ದೂ ಉಂಟು. ಇಂಡಿ ಭಾಗದ ಹಳ್ಳಿಗಳಿಗೆ ಬಸ್ ಓಡಿಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ದಲ್ಲಿ ಈಶಾನ್ಯ ಕರ್ನಾಟಕ ಸಾರಿಗೆ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ ಇದು. ನಿಲ್ದಾಣ ಹತ್ತಿರವಾಗುತ್ತಿದ್ದಂತೆ ಬಹು ಮುಂಚೆಯೇ ಕಾಲು ತೆಗೆದು ಬಸ್ಸನ್ನು ಅದರ ಓಟದಲ್ಲೇ ತಂದು ನಿಲ್ಲಿಸುವ ಹಿರಿಯ ಚಾಲಕನ ಸಂಯಮವನ್ನು ಪ್ರಯಾಣಿಕರು ‘ನಿಧಾನದ ಡ್ರೈವರ್’ ಎಂದು ಗೊಣಗುತ್ತಾರೆ. ಅವನು ಮಾಡುತ್ತಿರುವುದು ಶುದ್ಧ ಭೌತಶಾಸ್ತ್ರ.

ಆ ಭೌತಶಾಸ್ತ್ರವನ್ನು ಸಣ್ಣ ಕಾರಿಗೆ ಅನ್ವಯಿಸಿ ನೋಡೋಣ. ಪ್ರಯಾಣಿಕರೂ ಸೇರಿ ಸುಮಾರು ಒಂದು ಸಾವಿರ ಕಿಲೋ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ತುಂಬಿರುವ ಚಲನ ಶಕ್ತಿ ಸುಮಾರು 1.4 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಶಕ್ತಿಯಿದ್ದರೂ ಗಾಲಿಯವರೆಗೆ ತಲುಪುವುದು ಐದನೇ ಒಂದು ಪಾಲಿನಷ್ಟು. ಉಳಿದದ್ದು ರೇಡಿಯೇಟರಿನಲ್ಲಿ, ಹೊಗೆಕೊಳವೆಯಲ್ಲಿ ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಂತ ಕಾರನ್ನು 60ರ ವೇಗಕ್ಕೆ ತರಲು ಇಪ್ಪತ್ತು ಮಿಲಿಲೀಟರಿನಷ್ಟು, ಅಂದರೆ ಎರಡು ರೂಪಾಯಿಯಷ್ಟು ಪೆಟ್ರೋಲ್ ಬೇಕು. ಬ್ರೇಕ್ ಒತ್ತಿದ ಕ್ಷಣ ಆ ಎರಡು ರೂಪಾಯಿ ಬ್ರೇಕ್ ತಟ್ಟೆಯನ್ನು ಬಿಸಿ ಮಾಡುವುದರಲ್ಲಿ ಕರಗುತ್ತದೆ. ಕಾಲನ್ನು ಮುಂಚೆಯೇ ತೆಗೆದು ಕಾರನ್ನು ಅದರ ಪಾಡಿಗೆ ಉರುಳಲು ಬಿಟ್ಟರೆ ಅದೇ ಶಕ್ತಿ ನೂರಾರು ಅಡಿ ದೂರವಾಗಿ ಮರಳಿ ಸಿಗುತ್ತದೆ. ಇಂಧನ ಉಳಿತಾಯದ ಬಗೆಗಿನ ಉಪದೇಶಗಳಲ್ಲಿ ಮುಕ್ಕಾಲು ಪಾಲು ಈ ಒಂದು ಸಂಗತಿಯ ವ್ಯಾಖ್ಯಾನವಷ್ಟೆ.

ಇಲ್ಲಿಯೇ ನಮ್ಮ ರಸ್ತೆಗಳ ಪ್ರಶ್ನೆ ಬರುತ್ತದೆ. ಇಂಡಿಯಿಂದ ಯಾವ ದಿಕ್ಕಿಗೆ ಹೊರಟರೂ ಊರು ಬಂದಲ್ಲಿ, ಶಾಲೆ ಬಂದಲ್ಲಿ, ಕೆಲವೆಡೆ ಏನೂ ಇಲ್ಲದಲ್ಲಿಯೂ ಹಂಪ್‌ಗಳು ಎದುರಾಗುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಈ ಬಗ್ಗೆ ಬಹಳ ಸ್ಪಷ್ಟವಾಗಿದೆ: ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಕಾರು ಸಲೀಸಾಗಿ ದಾಟುವಂತಿರಬೇಕು, ಮುಂಚಿತವಾಗಿ ಫಲಕವಿರಬೇಕು. ಅಪಘಾತವಾದ ಮರುದಿನ ಊರವರ ಸಿಟ್ಟು ತಣಿಸಲು ಒಂದು ಗಾಡಿ ಕಾಂಕ್ರೀಟ್ ಸುರಿದು ಕಟ್ಟಿದ ದಿಣ್ಣೆಗೆ ಈ ಯಾವ ಗುಣವೂ ಇರುವುದಿಲ್ಲ. ಕಾರು ಪೂರ್ತಿ ನಿಂತು, ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತಿ ಇಳಿಯಬೇಕು. ಇಂಥ ಇಪ್ಪತ್ತು ದಿಣ್ಣೆಗಳಿರುವ ದಾರಿಯಲ್ಲಿ ಪ್ರತಿ ಸಲ ಬ್ರೇಕ್ ಒತ್ತಿ ನಿಂತು ಮತ್ತೆ ವೇಗ ಪಡೆಯುವವನು ನಾನೂರು ಮಿಲಿಲೀಟರ್ ಪೆಟ್ರೋಲನ್ನು ದಿಣ್ಣೆಗಳಿಗೇ ಅರ್ಪಿಸುತ್ತಾನೆ. ಹಂಪ್ ಬೇಡವೆಂದು ಯಾರೂ ಹೇಳಲಾರರು. ಶಾಲೆಯ ಮುಂದೆ ಮಕ್ಕಳ ಜೀವಕ್ಕಿಂತ ಪೆಟ್ರೋಲ್ ದೊಡ್ಡದಲ್ಲ. ಆದರೆ ನಿಯಮದಂತೆ ಕಟ್ಟಿದ ಉಬ್ಬು ಮಕ್ಕಳನ್ನೂ ಕಾಯುತ್ತದೆ, ಇಂಧನವನ್ನೂ ಉಳಿಸುತ್ತದೆ, ಗರ್ಭಿಣಿಯ ಬೆನ್ನನ್ನೂ ಮುರಿಯುವುದಿಲ್ಲ. ಲೋಕೋಪಯೋಗಿ ಇಲಾಖೆ ಹಾಗೂ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಗಳು ಈ ಅಳತೆಯನ್ನು ಪಾಲಿಸಲು ಪ್ರತ್ಯೇಕ ಅನುದಾನ ಬೇಕಿಲ್ಲ, ಅಳತೆಪಟ್ಟಿ ಬೇಕು.

ವೇಗದ ಬಗ್ಗೆ ಎರಡು ಮಾತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಜಗತ್ತು ಮೊದಲ ಬಾರಿಗೆ ಚಾಲಕನ ಬಲಗಾಲಿನ ಕಡೆ ನೋಡಿತು. ಅಮೆರಿಕ 1974ರಲ್ಲಿ ರಾಷ್ಟ್ರವ್ಯಾಪಿಯಾಗಿ ಗಂಟೆಗೆ 55 ಮೈಲಿಯ ಮಿತಿ ಹೇರಿತು. ಅದನ್ನು ಪೂರ್ಣವಾಗಿ ತೆಗೆದದ್ದು 1995ರಲ್ಲಿ. ನಮ್ಮಲ್ಲಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಸ್ಥಾಪನೆಯಾಯಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ 80ರ ವೇಗಕ್ಕೆ ಹೋಲಿಸಿದಾಗ ಶೇ 40ರವರೆಗೆ ಹೆಚ್ಚು ದೂರ ಸಿಗುತ್ತದೆಂಬ ಅದರ ಪ್ರಚಾರ ವಾಕ್ಯವನ್ನು ಬಂಕುಗಳ ಗೋಡೆಯ ಮೇಲೆ ಓದದವರಿಲ್ಲ. ಇಂದಿನ, ಗಾಳಿಯನ್ನು ಸೀಳಿಕೊಂಡು ಸಾಗುವಂತೆ ರೂಪಿಸಿದ ಐದು ಗೇರುಗಳ ಕಾರುಗಳಿಗೆ ಆ ಶೇ 40 ತುಸು ಉದಾರವಾದ ಅಂಕಿಯೆಂದು ಹೇಳಬೇಕು. ಆದರೆ ಅದರ ಹಿಂದಿನ ತತ್ವ ಹಳೆಯದಾಗಿಲ್ಲ. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 55ರಲ್ಲಿ ಇದ್ದುದಕ್ಕಿಂತ 80ರಲ್ಲಿ ಅದು ಎರಡು ಪಟ್ಟಿಗೂ ಹೆಚ್ಚು. ಸಾವಿರ ಸಿ.ಸಿ. ಆಸುಪಾಸಿನ ಎಂಜಿನ್ನು ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ದೊಡ್ಡ ಕಾರುಗಳ ಜತೆ ನೂರರ ಮೇಲೆ ಪೈಪೋಟಿಗೆ ಇಳಿದರೆ ಅದರ ಮಿತವ್ಯಯದ ಖ್ಯಾತಿ ಅಲ್ಲಿಗೇ ಮುಗಿಯುತ್ತದೆ.

ಪಡೆಯುವ ಸಮಯವಾದರೂ ಎಷ್ಟು? ಇಂಡಿಯಿಂದ ವಿಜಯಪುರದವರೆಗೆ ಎಲ್ಲಿಯೂ ನಿಲ್ಲದೆ 55ರಲ್ಲಿ ಹೋದರೆ ಒಂದು ಗಂಟೆ. 80ರಲ್ಲಿ ಹೋದರೆ ನಲವತ್ತು ನಿಮಿಷಕ್ಕಿಂತ ತುಸು ಹೆಚ್ಚು. ‘ಎಲ್ಲಿಯೂ ನಿಲ್ಲದೆ’ ಎಂಬುದು ಕಾಗದದ ಮೇಲೆ ಮಾತ್ರ ಸಾಧ್ಯವಾದ್ದರಿಂದ ನಿಜವಾದ ಉಳಿತಾಯ ಹತ್ತು ನಿಮಿಷದ ಆಚೆ ಈಚೆ. ಆ ಹತ್ತು ನಿಮಿಷ ಊರು ತಲುಪಿದ ಮೇಲೆ ಚಹಾದಂಗಡಿಯ ಮುಂದೆ ಖರ್ಚಾಗುವುದನ್ನು ನಾವೆಲ್ಲ ಬಲ್ಲೆವು.

ಹಳೆಯ ಅಭ್ಯಾಸಗಳು ಹೊಸ ಯಂತ್ರಗಳಲ್ಲಿಯೂ ಮುಂದುವರಿಯುವುದು ಇನ್ನೊಂದು ತೊಡಕು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಈ ದೇಶಕ್ಕೆ ಕಾರು ಓಡಿಸುವುದನ್ನು ಕಲಿಸಿತು. ಅಂದಿನ ಕಾರ್ಬುರೇಟರ್ ಎಂಜಿನ್ನಿನ ಕಾಲದಲ್ಲಿ ಬೆಳಿಗ್ಗೆ ಎಂಜಿನ್ನನ್ನು ಐದು ನಿಮಿಷ ಬಿಸಿ ಮಾಡುವುದು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುವುದು ಉಳಿತಾಯದ ಜಾಣತನವೆನಿಸಿದ್ದವು. 2000ದ ಆಸುಪಾಸಿನಲ್ಲಿ ಬಂದ ಇಂಧನ ಇಂಜೆಕ್ಷನ್ ವ್ಯವಸ್ಥೆ ಇವೆರಡನ್ನೂ ಅಪ್ರಸ್ತುತಗೊಳಿಸಿತು. ಇಂದಿನ ಕಾರು ಗೇರಿನಲ್ಲಿದ್ದು, ಆಕ್ಸಿಲರೇಟರ್ ಮೇಲಿನಿಂದ ಕಾಲು ತೆಗೆದು ಉರುಳುತ್ತಿದ್ದರೆ ಗಣಕ ನಿಯಂತ್ರಣವು ಪೆಟ್ರೋಲ್ ಹರಿವನ್ನೇ ನಿಲ್ಲಿಸುತ್ತದೆ. ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ತನ್ನನ್ನು ತಾನು ಜೀವಂತವಾಗಿಟ್ಟುಕೊಳ್ಳಲು ಮತ್ತೆ ಇಂಧನ ಕುಡಿಯಲಾರಂಭಿಸುತ್ತದೆ. ಅಂದರೆ ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವವನು ಎಂಜಿನ್ನಿನ ಹಿಡಿತವನ್ನು ಕಳೆದುಕೊಂಡು ಪ್ರಾಣವನ್ನು ಪಣಕ್ಕಿಟ್ಟು, ಪ್ರತಿಫಲವಾಗಿ ಹೆಚ್ಚು ಪೆಟ್ರೋಲ್ ಸುಡುತ್ತಾನೆ! ವಿಜಯಪುರದ ಬಯಲಿನಲ್ಲಿ ಘಾಟಿಗಳಿಲ್ಲ. ಆದರೆ ಹಳ್ಳ ಕೊಳ್ಳಗಳ ಇಳಿತಗಳಲ್ಲಿ, ಸೇತುವೆಗೆ ಇಳಿಯುವ ತಿರುವುಗಳಲ್ಲಿ ಈ ಪರಿಪಾಠ ಇಂದಿಗೂ ಕಾಣುತ್ತದೆ.

ಗೇರಿನ ವಿಷಯವೂ ಹಾಗೆಯೇ. ಎಂಜಿನ್ ಕೂಗುವವರೆಗೆ ಎರಡನೇ ಗೇರಿನಲ್ಲೇ ಎಳೆಯುವುದು ಎಷ್ಟು ನಷ್ಟವೋ, ಬೇಗ ಮೇಲಿನ ಗೇರಿಗೆ ಹಾಕಿ ಎಂಜಿನ್ ನಡುಗುವಂತೆ ಮಾಡುವುದೂ ಅಷ್ಟೇ ಹಾನಿ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ನಿಮಿಷಕ್ಕೆ ಎರಡು ಸಾವಿರದಿಂದ ಎರಡೂವರೆ ಸಾವಿರ ಸುತ್ತುಗಳ ಆಸುಪಾಸಿನಲ್ಲಿ ಗೇರು ಬದಲಿಸುವುದು ಹಿತ. ಅಂಕಿ ನೋಡುವ ಅಗತ್ಯವೂ ಇಲ್ಲ, ಕಿವಿ ಸಾಕು.

ಇನ್ನು ನಿಂತಲ್ಲಿ ಉರಿಯುವ ಎಂಜಿನ್. ಈ ಖಾಯಿಲೆ ಅಗರಖೇಡದ್ದಕ್ಕಿಂತ ರಾಜಧಾನಿಯದು. 2024ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಯಿತು. ಸುಮ್ಮನೆ ನಿಂತ ಸಣ್ಣ ಕಾರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಕುಡಿಯುತ್ತದೆ, ಎ.ಸಿ. ಹಾಕಿದ್ದರೆ ಮೇಲಿನ ಅಂಚಿಗೆ ಹತ್ತಿರ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವುದಾದರೆ ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುವುದೇ ಮಿತವ್ಯಯವೆಂದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಅಧ್ಯಯನ ಹೇಳುತ್ತದೆ. ಸಿಗ್ನಲ್ಲಿನಲ್ಲಿ ಇಳಿಯೆಣಿಕೆಯ ಅಂಕಿಗಳಿರುವಾಗ ಇದಕ್ಕೆ ಊಹೆಯೂ ಬೇಡ. ಇಂಡಿಯ ಗೇಟಿನ ಮುಂದೆ ರೈಲಿಗಾಗಿ ಕಾಯುವಾಗ, ಮಗಳನ್ನು ಕರೆತರಲು ಕಾಲೇಜಿನ ಮುಂದೆ ನಿಂತಾಗ ಇದನ್ನು ಮಾಡದಿರಲು ಸೋಮಾರಿತನವೊಂದೇ ಕಾರಣ.

ಎ.ಸಿ. ಕುರಿತು ನಗರದಲ್ಲಿ ಕುಳಿತು ಉಪದೇಶ ಮಾಡುವುದು ಅಪಹಾಸ್ಯಕ್ಕೆ ಗುರಿಯಾದೀತು. ಏಪ್ರಿಲ್–ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಕಿಟಕಿ ತೆರೆದು ಓಡಿಸಿ ಎನ್ನುವವನನ್ನು ಒಂದು ಮಧ್ಯಾಹ್ನ ಅಲ್ಲಿ ಓಡಿಸಲು ಹೇಳಬೇಕು. ವಿಪರೀತ ಸೆಖೆಯಲ್ಲಿ, ಅದರಲ್ಲೂ ಚಿಕ್ಕ ಪ್ರಯಾಣಗಳಲ್ಲಿ, ಎ.ಸಿ. ಕಾಲು ಪಾಲಿನವರೆಗೂ ಆವರೇಜನ್ನು ಕಸಿಯಬಲ್ಲದೆಂಬುದು ನಿಜ. ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದು ಒಳಗಿನ ಕಾವು ಹೊರಹೋಗಲು ಒಂದು ನಿಮಿಷ ಕೊಟ್ಟು, ಬೇವಿನ ನೆರಳು ಹುಡುಕಿ ನಿಲ್ಲಿಸಿ, ಒಳಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದರೆ ಯಂತ್ರದ ಹೊರೆ ಇಳಿಯುತ್ತದೆ. ಗಾಲಿಯ ಗಾಳಿಯನ್ನು ಪಂಕ್ಚರ್ ಅಂಗಡಿಯವನ ಹೆಬ್ಬೆರಳಿನ ಅಂದಾಜಿಗೆ ಬಿಡದೆ, ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿಯ ಪ್ರಕಾರ, ಗಾಲಿ ತಣ್ಣಗಿರುವಾಗ, ಎರಡು ವಾರಕ್ಕೊಮ್ಮೆ ನೋಡಿಸುವುದು. ಬಂಕಿನಲ್ಲಿ ಈ ಸೇವೆ ಉಚಿತವಾಗಿ ಸಿಗಬೇಕೆಂಬ ನಿಯಮವಿದೆಯೆಂಬುದನ್ನು ನೆನಪಿಸುವುದು. ಡಿಕ್ಕಿಯಲ್ಲಿ ಮರೆತುಹೋದ ನಲವತ್ತು ಐವತ್ತು ಕಿಲೋ ಸಾಮಾನು ಶೇ 1ರಷ್ಟು ತಿನ್ನುತ್ತದೆ. ಛಾವಣಿಯ ಮೇಲಿನ ಹೊರೆ ಅದಕ್ಕಿಂತ ಬಹಳ ಹೆಚ್ಚು, ಅದರಲ್ಲೂ ಹೆದ್ದಾರಿಯಲ್ಲಿ.

ಇಷ್ಟೆಲ್ಲ ಮಾಡಿದರೂ ಕಳೆದ ಕೆಲವು ವರ್ಷಗಳಿಂದ ಆವರೇಜ್ ಬೀಳುತ್ತಿದೆಯಲ್ಲ ಎಂಬ ದೂರು ಕೇಳಿಬಂದಿದೆ. ಆ ದೂರಿಗೆ ಆಧಾರವಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಧಾನಿ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. 2025ರ ವೇಳೆಗೆ ಅದು ದೇಶದಾದ್ಯಂತ ಬಂಕುಗಳಿಗೆ ಬಂತು. ಎಥೆನಾಲಿನಲ್ಲಿ ಇರುವ ಶಕ್ತಿ ಅಷ್ಟೇ ಪ್ರಮಾಣದ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಐದನೇ ಒಂದು ಭಾಗ ಎಥೆನಾಲ್ ಬೆರೆಸಿದಾಗ ಶೇ 6–7ರಷ್ಟು ಶಕ್ತಿ ಇಳಿಯುವುದು ಸರಳ ಗಣಿತ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6–7, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದವುಗಳಲ್ಲಿ ಶೇ 1–2ರ ನಷ್ಟವನ್ನು ಅಂದಾಜು ಮಾಡಿತ್ತು. 2025ರಲ್ಲಿ ವಿವಾದ ಎದ್ದಾಗ ಸರ್ಕಾರ ಇದನ್ನು ನಗಣ್ಯವೆಂದು ಬದಿಗೆ ಸರಿಸಲು ತೋರಿದ ಆತುರ ಅನವಶ್ಯಕವಾಗಿತ್ತು. ಹೊಸ ಕಾರು ಕೊಂಡವನಿಗೆ ಅದು ನಗಣ್ಯವಿರಬಹುದು. ಹತ್ತು ಹನ್ನೆರಡು ವರ್ಷ ಹಳೆಯ ಕಾರನ್ನು ಎರಡನೆಯ, ಮೂರನೆಯ ಕೈಯಾಗಿ ಕೊಂಡು ಓಡಿಸುವ ಹಳ್ಳಿಯ ಶಿಕ್ಷಕನಿಗೆ ಹಾಗಲ್ಲ. ಜಿಎಸ್‌ಟಿ ರಿಯಾಯಿತಿಯ ಲಾಭ ಹೊಸ ಕಾರಿನವನಿಗೆ, ಎಥೆನಾಲಿನ ನಷ್ಟ ಹಳೆಯ ಕಾರಿನವನಿಗೆ ಎಂಬಂತಾಯಿತು. ಲೀಟರಿನ ಶಕ್ತಿ ಇಳಿದ ಪ್ರಮಾಣದಲ್ಲಿ ಲೀಟರಿನ ದರವನ್ನೂ ಇಳಿಸಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ಅಗರಖೇಡದ ಸುತ್ತಲಿನವರಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಎಥೆನಾಲಿಗೆ ಬೇಕಾದ ಕಬ್ಬನ್ನು ಬೆಳೆಯುವವರೂ ಅವರೇ. ಭೀಮಾ ದಂಡೆಯುದ್ದಕ್ಕೂ ಕಬ್ಬಿದೆ, ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಎಥೆನಾಲಿನಿಂದ ಕಾರ್ಖಾನೆಗಳ ಕೈಯಲ್ಲಿ ಹಣ ಓಡಾಡಿದರೆ ಬಾಕಿ ಬಿಲ್ಲಿಗಾಗಿ ಕಾಯುವ ರೈತನಿಗೆ ಒಳಿತೇ. ಶೇ 85ಕ್ಕೂ ಹೆಚ್ಚು ಕಚ್ಚಾ ತೈಲವನ್ನು ಹೊರಗಿನಿಂದ ತರುವ ದೇಶಕ್ಕೂ ಇದು ಬೇಕಾದದ್ದೇ. ಆದರೆ ಅದೇ ನೀತಿ ಆಯೋಗದ ವರದಿ, ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತಯಾರಾಗಲು ಸುಮಾರು 2860 ಲೀಟರ್ ನೀರು ಬೇಕೆಂದೂ ಹೇಳುತ್ತದೆ. ಬೇಸಿಗೆಯಲ್ಲಿ ಉಜನಿ ಜಲಾಶಯದಿಂದ ನೀರು ಬಿಡಿಸಿ ಎಂದು ಮಹಾರಾಷ್ಟ್ರದ ಮುಂದೆ ಕೈಯೊಡ್ಡುವ, ಮಳೆಗಾಲದಲ್ಲಿ ಅದೇ ಉಜನಿಯ ನೀರು ನುಗ್ಗಿ 2020ರ ಅಕ್ಟೋಬರ್‌ನಲ್ಲಿ ಆದಂತೆ ಬೆಳೆ ಕಳೆದುಕೊಳ್ಳುವ ದಂಡೆಯ ಮೇಲೆ ನಿಂತು ಈ ಅಂಕಿಯನ್ನು ಓದಬೇಕು. ಕಬ್ಬಿನ ಎಥೆನಾಲ್ ಬೆರೆತ ಒಂದು ಲೀಟರ್ ಇ20ಯನ್ನು ಹಾಳು ಮಾಡಿದವನು ಐನೂರೈವತ್ತು ಲೀಟರಿಗೂ ಹೆಚ್ಚು ನೀರನ್ನು ಹಾಳು ಮಾಡಿದಂತಾಗುತ್ತದೆ. ಎಂಜಿನ್ ಆರಿಸದೆ ನಿಂತವನಿಗೆ ಅದು ಕಾಣುವುದಿಲ್ಲ.

ಹಾಗಾದರೆ ಇದನ್ನೆಲ್ಲ ಕಲಿಸುವವರು ಯಾರು? 2021ರ ಜುಲೈನಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಲಘು ವಾಹನದ ತರಬೇತಿ 29 ಗಂಟೆಯದು. ಅದರಲ್ಲಿ ಎಂಟು ಗಂಟೆ ಪಾಠ, ಆ ಪಾಠದಲ್ಲಿ ಇಂಧನ ಮಿತವ್ಯಯವೂ ಒಂದು ವಿಷಯ. ಕಾಗದದ ಮೇಲೆ ಇದಕ್ಕಿಂತ ಉತ್ತಮ ವ್ಯವಸ್ಥೆ ಬೇಕಿಲ್ಲ. ವಾಸ್ತವದಲ್ಲಿ ಹಳ್ಳಿಗಳ ಬಹುಪಾಲು ಯುವಕರು ಕಾರು ಕಲಿಯುವುದು ಮಾವನ ಮಗನಿಂದ ಅಥವಾ ಟ್ರ್ಯಾಕ್ಟರ್ ಓಡಿಸಿದ ಅನುಭವದಿಂದ. ಪರೀಕ್ಷೆಯಲ್ಲಿ ಎಂಟರ ಆಕಾರ ತಿರುಗಿಸಿ ಹಿಂದಕ್ಕೆ ತಂದರೆ ಪರವಾನಗಿ ಸಿಕ್ಕಿತು. ಸಾರಿಗೆ ನಿಗಮಗಳಲ್ಲಿ ಕೆಎಂಪಿಎಲ್ ಪಾಠ ಹೇಳುವ ನುರಿತ ಬೋಧಕರಿದ್ದಾರೆ, ಡಿಪೊಗಳಿವೆ, ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. ತಿಂಗಳಿಗೊಂದು ಭಾನುವಾರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಡಿಪೊ ಆವರಣದಲ್ಲಿ ಖಾಸಗಿ ಕಾರಿನವರಿಗೂ ಆ ಪಾಠವನ್ನು ತೆರೆದಿಡಲು ಯಾವ ಕಾಯ್ದೆ ಅಡ್ಡ ಬರುತ್ತದೆ? ಇಲಾಖೆಗಳು ಒಂದರ ಬಾಗಿಲನ್ನು ಇನ್ನೊಂದು ತಟ್ಟುವ ಪರಿಪಾಠ ನಮ್ಮಲ್ಲಿಲ್ಲವೆಂಬುದೊಂದೇ ಅಡ್ಡಿ.

ಅತ್ತ ದೆಹಲಿಯಲ್ಲಿ ಚರ್ಚೆ ಬೇರೆಯೇ ಎತ್ತರದಲ್ಲಿ ನಡೆಯಿತು. 2027ರ ಏಪ್ರಿಲ್‌ನಿಂದ ಜಾರಿಯಾಗಬೇಕಾದ ಮೂರನೇ ಹಂತದ ಇಂಧನ ದಕ್ಷತಾ ಮಾನದಂಡಗಳ ಕರಡು 2025ರ ಸೆಪ್ಟೆಂಬರ್‌ನಲ್ಲಿ ಹೊರಬಂದಾಗ, 909 ಕಿಲೋದೊಳಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ಸೂಚಿಸಿದ ರಿಯಾಯಿತಿ ತಯಾರಕರನ್ನೇ ಎರಡು ಬಣಗಳಾಗಿ ಒಡೆಯಿತು. ಯಾವ ಕಂಪನಿಯ ಕಾರಿಗೆ ಎಷ್ಟು ಗ್ರಾಂ ಇಂಗಾಲದ ವಿನಾಯಿತಿ ಎಂಬ ಕುರಿತು ಸಾಕಷ್ಟು ಶಾಯಿ ಖರ್ಚಾಯಿತು. ಮಾನದಂಡಗಳು ಬೇಕು, ನಿಸ್ಸಂದೇಹ. ಆದರೆ ಒಂದೇ ಕಾರು ಒಬ್ಬನ ಕೈಯಲ್ಲಿ 16, ಇನ್ನೊಬ್ಬನ ಕೈಯಲ್ಲಿ 20 ಕೊಡುವ ಅಂತರವನ್ನು ಯಾವ ಕರಡೂ ಅಳೆಯುವುದಿಲ್ಲ. ಈ ಅಂತರ ಉತ್ಪ್ರೇಕ್ಷೆಯೇನಲ್ಲ. ಒರಟು ಚಾಲನೆ ಹೆದ್ದಾರಿಯಲ್ಲಿ ಶೇ 15ರಿಂದ 30, ನಿಂತು ಹೊರಡುವ ದಟ್ಟಣೆಯಲ್ಲಿ ಶೇ 10ರಿಂದ 40ರಷ್ಟು ಇಂಧನ ದಕ್ಷತೆಯನ್ನು ಕುಗ್ಗಿಸುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಮನೆಗೆ 16ರಿಂದ 20ಕ್ಕೆ ಏರಿದರೆ ಉಳಿಯುವುದು ಹನ್ನೆರಡೂವರೆ ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಹದಿನೈದು ಸಾವಿರ ರೂಪಾಯಿ ದಾಟುತ್ತದೆ. ಒಬ್ಬ ಪದವಿ ವಿದ್ಯಾರ್ಥಿಯ ವರ್ಷದ ಪುಸ್ತಕ, ಬಸ್ ಪಾಸು, ಹಾಸ್ಟೆಲ್ಲಿನ ಒಂದಷ್ಟು ಖರ್ಚು ಇದರಲ್ಲಿ ನಡೆಯುತ್ತದೆ.

ಬಸ್ಸಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಲೀಟರಿಗೆ ಐದು ಕಿಲೋಮೀಟರ್ ಆಸುಪಾಸು ಓಡುವ ಬಸ್ಸಿನಲ್ಲಿ ಐವತ್ತು ಜನ ಕುಳಿತರೆ ಒಬ್ಬೊಬ್ಬರ ಪಾಲಿಗೆ ಒಂದು ಲೀಟರಿಗೆ 250 ಕಿಲೋಮೀಟರ್ ಬಿದ್ದಂತಾಯಿತು. ಇಬ್ಬರು ಕುಳಿತ ಕಾರು ಎಷ್ಟೇ ಜಾಣ ಚಾಲನೆಯಲ್ಲೂ ನಲವತ್ತು ಐವತ್ತನ್ನು ದಾಟದು. ಸಂಜೆಯ ನಂತರ ಹಳ್ಳಿಗೆ ಮರಳುವ ಬಸ್ಸುಗಳು ಇನ್ನೆರಡು ಹೆಚ್ಚಿದ್ದರೆ ಎಷ್ಟೋ ಕಾರುಗಳು ಮನೆಯ ಮುಂದೆಯೇ ನಿಂತಿರುತ್ತಿದ್ದವು.

ಚಳಿಗಾಲ ಬಂತೆಂದರೆ ಈ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರುಗಳಿಗೆ ಸೇರುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ರಸ್ತೆಯ ಮುಕ್ಕಾಲು ಅಗಲ ಹಿಡಿದು ಅವು ಕಾರ್ಖಾನೆಯ ಕಡೆ ತೆವಳುತ್ತವೆ. ಹಿಂದೆ ಸಿಕ್ಕಿಕೊಂಡ ಕಾರಿನವನು ಹಾರ್ನ್ ಒತ್ತುತ್ತ, ಎರಡನೇ ಗೇರಿನಲ್ಲಿ ಎಂಜಿನ್ ಕೂಗಿಸುತ್ತ, ಬಲಕ್ಕೆ ಇಣುಕಿ ಮತ್ತೆ ಬ್ರೇಕ್ ಒತ್ತುತ್ತ ಹೋಗುವ ಆ ನಾಲ್ಕು ಕಿಲೋಮೀಟರಿನಲ್ಲಿ ಸುಡುವ ಪೆಟ್ರೋಲ್ ದೊಡ್ಡದಲ್ಲ. ಎದುರಿನಿಂದ ಬರುವ ಮೋಟಾರ್ ಸೈಕಲ್ಲಿನವನ ಜೀವ ದೊಡ್ಡದು. ಟ್ರೇಲರುಗಳಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಹೊಣೆಯನ್ನು ಹಂಗಾಮು ಆರಂಭವಾಗುವ ಮುನ್ನ ಕಾರ್ಖಾನೆಗಳ ಮೇಲೆಯೇ ಹೊರಿಸಿ, ಪಟ್ಟಿಯಿಲ್ಲದ ಗಾಡಿಯ ಕಬ್ಬನ್ನು ತೂಕದ ಸೇತುವೆಯ ಮೇಲೆ ಹತ್ತಿಸಬಾರದೆಂದು ಜಿಲ್ಲಾಡಳಿತ ಆದೇಶಿಸಬೇಕು. ಹಿಂದಿನ ಕಾರಿನವನು ಮೂರನೇ ಗೇರಿನಲ್ಲಿ, ಐವತ್ತು ಅಡಿ ಅಂತರ ಬಿಟ್ಟು, ರಸ್ತೆ ಅಗಲವಾಗುವವರೆಗೆ ಕಾಯಬಹುದು.